ಸಾಲಿನಲ್ಲಿ ಬಿಟ್ಟುಹೋದ ಕೈ

ಗಿಂಡಿಯಿಂದ ಬಗ್ಗಿಸಿದ ಹಾಲು ಇವತ್ತೂ ಹರಿಯಲಿಲ್ಲ. ಗಿಂಡಿಯ ಮೂತಿಯಿಂದ ಲಿಂಗದ ನೆತ್ತಿಯವರೆಗೆ ಬಿಳಿ ಕೋಲೊಂದನ್ನು ನೆಟ್ಟ ಹಾಗೆ ನಿಂತುಬಿಟ್ಟಿತು. ವೆಂಕಟಕೃಷ್ಣ ಭಟ್ಟರು ಕಣ್ಣು ಮುಚ್ಚಿಕೊಂಡರು. ಮುಚ್ಚಿದರೆ ವಾಸಿ, ಮುಚ್ಚಿದ ಕೂಡಲೇ ಹಾಲು ಬೀಳುವ ಸದ್ದು ಕೇಳಿಸುತ್ತದೆ, ಕೈಯಲ್ಲಿ ಗಿಂಡಿ ಹಗುರಾಗುತ್ತಾ ಬರುವುದು ತಿಳಿಯುತ್ತದೆ, ಲೋಕ ಮತ್ತೆ ನಡೆಯತೊಡಗುತ್ತದೆ. ತೆರೆದರೆ ಮತ್ತೆ ಕೋಲು. ಒಂದು ಗಿಂಡಿ ಹಾಲಿಗೆ ರುದ್ರದ ಒಂದು ಅನುವಾಕ ಎಂದು ಈ ಎರಡು ತಿಂಗಳಲ್ಲಿ ಅವರೇ ಕಂಡುಕೊಂಡಿದ್ದರು. ಮಂತ್ರ ಮುಗಿಯುವ ಹೊತ್ತಿಗೆ ಹಾಲೂ ಮುಗಿದಿರುತ್ತದೆ, ನೋಡಬೇಕಾಗಿಲ್ಲ. ದೇವರಿಗೆ ಇದು ಗೊತ್ತಾಗದೆ ಇರುತ್ತದೆಯೇ? ಗೊತ್ತಾದರೆ ಆಗಲಿ, ಅವನೇನು ಹೋಗಿ ಆಡಳಿತ ಸಮಿತಿಗೆ ಹೇಳುವುದಿಲ್ಲವಲ್ಲ. ಹಾಲು ಪ್ಯಾಕೆಟ್ಟಿನದು. ಮೂರು ವಾರದಿಂದ ಪ್ಯಾಕೆಟ್ಟಿನದೇ. ಅದಕ್ಕೆ ಮೊದಲು, ತಂದೆಯ ಕಾಲದಿಂದಲೂ, ಊರಿನ ಈ ಸಣ್ಣ ಈಶ್ವರ ದೇವಸ್ಥಾನದ ಅಭಿಷೇಕಕ್ಕೆ ಹಾಲು ಬರುತ್ತಿದ್ದದ್ದು ಕೂಸಪ್ಪನ ಮನೆಯಿಂದ, ಕರೆದ ಬಿಸಿ ಆರುವುದರೊಳಗೆ. ಈಗಿನದು ಭಾಗಮಂಡಲದ ಅಂಗಡಿಯ ಫ್ರಿಜ್ಜಿನಲ್ಲಿದ್ದ ಹಾಲು. ಆ ತಣ್ಣಗಿನದನ್ನು ಸುರಿಯುವಾಗಲೆಲ್ಲ ಭಟ್ಟರಿಗೆ ಅದೇ ಯೋಚನೆ. ತಪ್ಪು ನನ್ನದು, ಕೂಸಪ್ಪನದಲ್ಲ. ಹೇಳಿಬಿಟ್ಟರೆ ಜಗಳ ಮುಗಿಯಿತು. ಹೇಳಿಬಿಟ್ಟರೆ ನನ್ನ ಪೂಜೆಯೂ ಮುಗಿಯಿತು.

ಮೊದಲು ಹೋದದ್ದು ಕಾಗೆ. ನವೆಂಬರಿನಲ್ಲಿ ಎರಡು ದಿನ ತಲೆನೋವೆಂದು ಮಲಗಿ ಎದ್ದವರು ಜಗಲಿಯಲ್ಲಿ ಕೂತಿದ್ದಾಗ ಬೇಲಿಯ ಮೇಲೆ ಕಾಗೆ ಇತ್ತು, ಆಮೇಲೆ ಇರಲಿಲ್ಲ, ಆಮೇಲೆ ಪೇರಳೆ ಮರದಲ್ಲಿತ್ತು. ನಡುವೆ ಅದು ಹಾರಲೇ ಇಲ್ಲ. ಹೆಂಡತಿ ನರ್ಮದಾ ಕಾಫಿ ತಂದು ಲೋಟಕ್ಕೆ ಬಗ್ಗಿಸುತ್ತಾ ಏನೋ ಹೇಳುತ್ತಿದ್ದಳು. ಕಾಫಿ ಕಂದು ಹಗ್ಗವಾಗಿ ಚೆಂಬಿನಿಂದ ಇಳಿಬಿದ್ದಿತ್ತು. ಅವಳ ತುಟಿ ಅಲ್ಲಾಡುತ್ತಿರಲಿಲ್ಲ, ಮಾತು ಮಾತ್ರ ಬರುತ್ತಿತ್ತು, ಅಡುಗೆಮನೆಯಲ್ಲಿ ಇನ್ಯಾರೋ ಹೆಂಗಸು ಕೂತು ಇವಳ ಪರವಾಗಿ ಮಾತಾಡುತ್ತಿರುವ ಹಾಗೆ. "ನರ್ಮದಾ, ನೀನು ಬಾಯಿ ಮುಚ್ಕೊಂಡು ಹೇಗೆ ಮಾತಾಡ್ತೀ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಅಷ್ಟು ಸಾಕಿತ್ತು, ಮಧ್ಯಾಹ್ನದ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಅವತ್ತು ಅವಳು ಅವರ ಮುಖ ನೋಡಿ ಚೆಂಬನ್ನು ಕೆಳಗಿಟ್ಟಳು. ಅಂದಿನಿಂದ ಅವಳು ಮಾತಾಡುವಾಗ ಅವರ ಮೊಣಕಾಲ ಮೇಲೆ ಕೈಯಿಡುತ್ತಾಳೆ, ಈ ಮಾತು ನನ್ನದೇ ಎನ್ನುವ ಹಾಗೆ. ಮಾತು ಮುಗಿದಾಗ ಒಮ್ಮೆ ಮೆಲ್ಲಗೆ ಒತ್ತುತ್ತಾಳೆ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳು ಹಗಲು ಹೊತ್ತಿನಲ್ಲಿ ಇಷ್ಟು ಸಲ ತಮ್ಮನ್ನು ಮುಟ್ಟಿದ್ದಿಲ್ಲ ಎಂದು ಭಟ್ಟರಿಗೆ ನಾಚಿಕೆಯಾಗುತ್ತದೆ. ಸಂತೋಷವೂ ಆಗುತ್ತದೆ, ಸುಳ್ಳು ಯಾಕೆ ಹೇಳಬೇಕು.

ಮೈಸೂರಿನ ಡಾಕ್ಟರು, ನವೀನ್‌ಕುಮಾರ್ ಅಂತ, ಇನ್ನೂ ಮೀಸೆ ಸರಿಯಾಗಿ ದಪ್ಪವಾಗದ ಹುಡುಗ, ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಭಟ್ಟರು ಓದಿದರು. ಕಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಚೀಟಿಯ ಹಿಂದೆ ಒಂದು ತಲೆಯ ಚಿತ್ರ ಬರೆದರು. "ನೋಡಿ, ಕಣ್ಣಿಂದ ಹೊರಟದ್ದು ತಲೆಯ ಹಿಂಬದಿಗೆ ಹೋಗುತ್ತೆ. ಅಲ್ಲಿಂದ ಎರಡು ರಸ್ತೆ. ಕೆಳಗಿನ ರಸ್ತೆ, ಇದು ಏನು, ಯಾರು, ಯಾವ ಬಣ್ಣ ಅಂತ ಹೇಳೋದು. ಮೇಲಿನದು, ಎಲ್ಲಿದೆ, ಯಾವ ಕಡೆ ಹೋಗ್ತಿದೆ ಅಂತ ಹೇಳೋದು. ನಿಮಗೆ ಆ ಮೇಲಿನ ರಸ್ತೆ ಶುರುವಾಗೋ ಹತ್ರ, ತಲೆಯ ಎರಡೂ ಕಡೆ, ಒಂದೊಂದು ಸಣ್ಣ ಜಾಗ ಕೆಟ್ಟಿದೆ. ತುಂಬಾ ಅಪರೂಪ ಇದು." "ಗುಡ್ಡ ಜರಿದು ರಸ್ತೆ ಬಂದ್ ಆದ ಹಾಗೆ," ಅಂದಳು ನರ್ಮದಾ. "ಹೌದಮ್ಮ, ಹಾಗೇ." "ಮತ್ತೆ ಯಾವಾಗ ಬಿಡ್ತಾರೆ?" ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಅದು ಹೇಳೋಕಾಗಲ್ಲ. ಕೆಲವರು ಬೇರೆ ದಾರಿ ಕಂಡ್ಕೊಳ್ತಾರೆ." ಇಷ್ಟೆಲ್ಲ ನಿಮಗೆ ಹೇಗೆ ಗೊತ್ತಾಯಿತು ಎಂದು ಭಟ್ಟರು ಕೇಳಿದರು. ಮಂಗಗಳಿಂದ, ಅಂದರು ಡಾಕ್ಟರು. ಮಂಗನ ತಲೆಯೊಳಗೂ ಇವೇ ಎರಡು ರಸ್ತೆ. ಪರದೆಯ ಮೇಲೆ ನೂರಾರು ಚುಕ್ಕಿ ಓಡಿಸುತ್ತಾರೆ, ಅವು ಎತ್ತ ಓಡುತ್ತಿವೆ ಎಂದು ಕಣ್ಣು ತಿರುಗಿಸಿ ತೋರಿಸುವುದನ್ನು ಮಂಗನಿಗೆ ಕಲಿಸುತ್ತಾರೆ, ಸರಿಯಾಗಿ ತೋರಿಸಿದರೆ ನಾಲ್ಕು ತೊಟ್ಟು ಹಣ್ಣಿನ ರಸ ಬಾಯಿಗೆ. ಆಮೇಲೆ ಆ ಜಾಗವನ್ನು ಕೆಡಿಸಿದರೆ ಚುಕ್ಕಿ ಕಾಣುತ್ತವೆ, ಎತ್ತ ಹೋದವು ಎನ್ನುವುದು ತಿಳಿಯುವುದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಭಟ್ಟರಿಗೆ ಆ ಮಂಗನದೇ ಯೋಚನೆ. ದೇವಸ್ಥಾನದ ಹಂಚಿನ ಮೇಲೆ ಕುಣಿದು ನೈವೇದ್ಯದ ಬಾಳೆಹಣ್ಣು ಹೊತ್ತೊಯ್ಯುವ ಪಾಪಿಗಳಿಗೆ ಅವರು ಎಷ್ಟು ಕಲ್ಲು ಬೀಸಿದ್ದಾರೋ ಏನೋ. ಆದರೆ ಕುರ್ಚಿಯಲ್ಲಿ ಕೂತ ಈ ಒಂದು ಮಂಗ, ಚುಕ್ಕಿಗಳು ಎತ್ತ ಹೋದವೆಂದು ತಿಳಿಯದೆ, ರೂಢಿಯ ಮೇಲೆ ಬಾಯಿ ತೆರೆದುಕೊಂಡು ಕಾದಿರಬೇಕಲ್ಲ. "ಎಂಥ ಯೋಚನೆ ನಿಮ್ದು?" ಎಂದು ನರ್ಮದಾ ಕೇಳಿದಳು. "ಮಂಗನಿಗೆ ಆಮೇಲೂ ರಸ ಕೊಟ್ಟರೋ ಇಲ್ವೋ ಅಂತ." ಅವಳು ಅವರ ಮೊಣಕಾಲ ಮೇಲೆ ಕೈಯಿಟ್ಟಳು. "ಕೊಟ್ಟಿರ್ತಾರೆ ಬಿಡಿ," ಅಂದಳು.

ಊರಿಗೆ ಹೇಳಿದ್ದು ಬಿ.ಪಿ. ಎಂದು. ಬಿ.ಪಿ. ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಎಲ್ಲರ ಮನೆಯಲ್ಲೂ ಒಂದೊಂದಿದೆ. ಆರತಿ, ನೈವೇದ್ಯ, ಎಲ್ಲ ಕೈಗೆ ಬಾಯಿಗೆ ಗೊತ್ತಿದ್ದದ್ದು, ಹೇಗೋ ಸಾಗಿತು. ಕಷ್ಟ ತೀರ್ಥದ್ದು. ಸಾಲಾಗಿ ನಿಂತವರ ಅಂಗೈಗೆ ಒಂದೊಂದು ಉದ್ಧರಣೆ ನೀರು ಹಾಕುತ್ತಾ ಹೋಗಬೇಕು, ಕೈಗಳೋ ಬರುತ್ತವೆ, ಹೋಗುತ್ತವೆ. ಒಂದೆರಡು ಸಲ ಆಗಲೇ ಹಿಂದಕ್ಕೆ ಹೋಗಿದ್ದ ಕೈಗೆ ಹಾಕಲು ಹೋಗಿ ನೆಲಕ್ಕೆ ಹಾಕಿದ್ದರು. ಭಟ್ಟರಿಗೆ ವಯಸ್ಸಾಯಿತು ಎಂದು ಜನ ನಕ್ಕಿದ್ದರು, ಇವರೂ ನಕ್ಕಿದ್ದರು. ಆದರೆ ಮೂರು ವಾರದ ಹಿಂದಿನ ಸೋಮವಾರದ್ದು ನಗುವ ಮಾತಲ್ಲ. ಕೂಸಪ್ಪನ ಅವ್ವ ತೊಂಬತ್ತೊಂದಕ್ಕೆ ತೀರಿಕೊಂಡು, ಸೂತಕ ಕಳೆದು, ಅವನು ಅಂದು ಮೊದಲ ಸಲ ದೇವಸ್ಥಾನದ ಮೆಟ್ಟಿಲು ಹತ್ತಿದ್ದ. ತಲೆ ಬೋಳಿಸಿದ್ದರಿಂದ ಮುಖ ಚಿಕ್ಕದಾಗಿ, ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಕೂಸಪ್ಪನ ಹಾಗೇ ಕಂಡಿದ್ದ. ಭಟ್ಟರು ಅವನ ಮುಂದೆ ಬಂದಾಗ ಕೈ ಇನ್ನೂ ಎದೆಯ ಹತ್ತಿರ ಮುಗಿದುಕೊಂಡಿತ್ತು. ಅವ್ವನ ನೆನಪಲ್ಲಿ ಇದ್ದಾನೆ, ಇರಲಿ, ಕೊನೆಗೆ ಕೊಟ್ಟರಾಯಿತು ಎಂದುಕೊಂಡು ಮುಂದಿನ ಕೈಗೆ ಹೋದರು. ಅಷ್ಟರಲ್ಲಿ ಕೂಸಪ್ಪನ ಕೈ ಕೆಳಗಿಳಿದು ಅವರ ಮುಂದೆ ಚಾಚಿಕೊಂಡಿತ್ತು. ಅದು ಬಂದದ್ದು ಅವರಿಗೆ ಕಾಣಲೇ ಇಲ್ಲ. ತಿರುಗಿದಾಗ ಖಾಲಿ ಅಂಗೈ ಇತ್ತು. ಮತ್ತೆ ತಿರುಗಿದಾಗ ಕೂಸಪ್ಪನೇ ಇರಲಿಲ್ಲ. "ಸೂತಕ ಪೂರ್ತಿ ಕಳೀಲಿಲ್ವೋ ಏನೋ, ಭಟ್ರು ಬಿಟ್ಟೇಬಿಟ್ರು," ಎಂದು ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಆಗಲೇ ಬಾಯಿಬಿಡಬೇಕಿತ್ತು. ಬಟ್ಟಲು ಹಿಡಿದು ಒಳಗೆ ಹೋಗಿಬಿಟ್ಟರು. ಮಾರನೇ ದಿನ ಹಾಲು ಬರಲಿಲ್ಲ. ಕೂಸಪ್ಪನ ಹೆಂಡತಿ ಯಮುನ ಹೇಳಿಕಳಿಸಿದ ಮಾತು ಬಂತು: ನಾವು ಮೈಲಿಗೆಯಾದರೆ ನಮ್ಮ ಹಾಲೂ ಮೈಲಿಗೆಯೇ, ಬೇಡ ಬಿಡಿ.

ಯಾಕೆ ಹೇಳಲಿಲ್ಲ ಎಂದು ನರ್ಮದಾ ಇಪ್ಪತ್ತು ಸಲ ಕೇಳಿದ್ದಾಳೆ. ಹೇಳಲಾಗದ್ದಕ್ಕೆ ಕಾರಣ ಅವಳಿಗೂ ಗೊತ್ತು, ಅದಕ್ಕೇ ಇಪ್ಪತ್ತೊಂದನೆಯ ಸಲ ಕೇಳಿಲ್ಲ. ಭಟ್ಟರಿಗಿಂತ ಮೊದಲು ಈ ಪೂಜೆ ಮಾಡುತ್ತಿದ್ದವರು ಅವರ ಅಣ್ಣ. ಐವತ್ತಕ್ಕೆಲ್ಲ ಅಣ್ಣನ ಬಲಗೈ ನಡುಗತೊಡಗಿತು. ತೀರ್ಥ ಅರ್ಧ ಅಂಗೈಗೆ, ಅರ್ಧ ಸೀರೆಗೆ, ಪಂಚೆಗೆ. ಜನ ಏನೂ ಅಂದಿರಲಿಲ್ಲ. ಸಮಿತಿಯ ಮುಂದೆ ನಿಂತು, ಅಂಗ ಊನವಾದವರು ದೇವರನ್ನು ಮುಟ್ಟಬಾರದು ಅಂತ ಶಾಸ್ತ್ರವೇ ಇದೆ, ಎಂದವನು ಮೂವತ್ತು ದಾಟಿದ ಈ ತಮ್ಮ. ಎಲ್ಲಿ ಓದಿದ್ದೆ ಆ ಶಾಸ್ತ್ರ? ಎಲ್ಲೂ ಓದಿರಲಿಲ್ಲ, ಯಾರೋ ಹೇಳಿದ್ದು. ಅಣ್ಣ ಉದ್ಧರಣೆಯನ್ನು ಹರಿವಾಣದ ಮೇಲಿಟ್ಟ. ಇಡುವಾಗ ಅದು ಟಕಟಕ ಸದ್ದು ಮಾಡಿತು. ಆಮೇಲೆ ಸಾಯುವವರೆಗೆ ಹನ್ನೊಂದು ವರ್ಷ ಹೊರಗಿನ ಕಟ್ಟೆಯಲ್ಲಿ ಕೂತು ದೀಪ ತಿಕ್ಕಿದ. ಯಾವತ್ತೂ ತಮ್ಮನನ್ನು ಒಂದು ಮಾತು ಅನ್ನಲಿಲ್ಲ, ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಈಗಾಗಿದ್ದರೆ ಅಣ್ಣನ ಕೈ ನಡುಗುವುದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಎಂದು ಭಟ್ಟರಿಗೆ ಹೊಳೆದದ್ದು ಸ್ನಾನದ ಮನೆಯಲ್ಲಿ. ಮೈ ಮೇಲೆ ನೀರು ಹಾಕಿಕೊಳ್ಳುತ್ತಾ ಮಕ್ಕಳ ಹಾಗೆ ಅತ್ತಿದ್ದರು.

ಬೆಳಗಿನ ಪೂಜೆ ಮುಗಿಸಿ ಮನೆಗೆ ಬಂದಾಗ ನರ್ಮದಾ ದೋಸೆ ಹಾಕಿ ಎದುರು ಕೂತಳು. "ಇವತ್ತು ಸೋಮವಾರ. ಮಧ್ಯಾಹ್ನದ ಪೂಜೆಯೊಳಗೆ ಹೋಗಿ ಹೇಳಿ ಬನ್ನಿ. ಇನ್ನು ಆ ಪ್ಯಾಕೆಟ್ ಮೂಲೆ ಕತ್ತರಿಸೋದು ನನ್ ಕೈಲಾಗಲ್ಲ. ನಾನೂ ಬರ್ಲಾ?" ಬೇಡ, ಎಂದು ಭಟ್ಟರು ಎದ್ದರು. ಅಂಗಿ ಹಾಕಿಕೊಂಡು ಹೊರಟವರಿಗೆ ಊರಿನ ದಾರಿಯೇನೂ ಕಷ್ಟವಾಗಲಿಲ್ಲ, ಮರಗಳು ಮೊದಲೂ ನಿಂತೇ ಇದ್ದವು. ಕಷ್ಟ ಭಾಗಮಂಡಲದ ರಸ್ತೆ ದಾಟುವುದು. ತಿರುವಿನಲ್ಲಿ ಪ್ರವಾಸಿಗರ ಜೀಪೊಂದು ಬೆಂಕಿಪೊಟ್ಟಣದಷ್ಟು ಕಂಡಿತು, ದೂರವಿದೆಯಲ್ಲ ಎಂದು ಕಾಲಿಟ್ಟರು, ಜೀಪು ಮೂಗಿನ ಮುಂದಿತ್ತು. ಹಾರ್ನು, ಬೈಗುಳ, ಧೂಳು. ಹಿಂದಕ್ಕೆ ಬಂದು ಮೋರಿಯ ಕಟ್ಟೆ ಹಿಡಿದು ನಿಂತರು. ಕಾಫಿ ಕೊಯ್ಲಿಗೆ ಹೊರಟಿದ್ದ ಸೋಮಿ, ತೋಟದ ಆಳುಗಳ ಲೈನ್‌ಮನೆಯವಳು, ತಲೆಯ ಮೇಲಿನ ಚೀಲ ಸರಿಮಾಡಿಕೊಳ್ಳುತ್ತಾ, "ಎಂಥ ಅಯ್ಯಾ, ಸಾಯ್ಲಿಕ್ಕೆ ಹೊರಟ್ರಾ? ಬನ್ನಿ ನನ್ ಹಿಂದೆ," ಎಂದು ಬೈದು ದಾಟಿಸಿದಳು. ಅರವತ್ತೊಂದು ವರ್ಷದ ಅರ್ಚಕ ಅವಳ ಸೀರೆಯ ಬಣ್ಣವನ್ನೇ ನೋಡುತ್ತಾ ಕುರಿಯ ಹಾಗೆ ದಾಟಿದ್ದಾಯಿತು.

ಯಮುನ ಜಗಲಿಯಲ್ಲಿ ಕಾಳುಮೆಣಸು ಬಿಡಿಸುತ್ತಿದ್ದಳು. ಇವರನ್ನು ಕಂಡು ಎದ್ದಳು, ಆದರೆ ಬನ್ನಿ ಅನ್ನಲಿಲ್ಲ. ಕಾಫಿ ಒಣಗಿಸುವ ಕಣದ ಕಡೆ ತಿರುಗಿ, "ಇಲ್ಲಿ ನೋಡಿ, ಭಟ್ರು ಬಂದೊಳೊ," ಎಂದು ಭಟ್ಟರು ಬಂದದ್ದನ್ನು ಗಂಡನಿಗೆ ಅರೆಭಾಷೆಯಲ್ಲಿ ಕೂಗಿ ಹೇಳಿದಳು. ಕೂಸಪ್ಪ ಮರದ ಹಲಗೆಯಿಂದ ಕಾಫಿ ಹಣ್ಣನ್ನು ಎಳೆದು ಹರವುತ್ತಿದ್ದ. ಭಟ್ಟರಿಗೆ ಅವನು ಕಣದ ಈ ತುದಿಯಲ್ಲಿ ಬೆನ್ನು ಬಗ್ಗಿಸಿ ನಿಂತದ್ದು ಕಂಡಿತು, ಆಮೇಲೆ ನಡುವೆ, ಆಮೇಲೆ ಆಚೆಯ ಅಂಚಿನಲ್ಲಿ. ಮೂವರು ಕೂಸಪ್ಪಂದಿರು, ಒಬ್ಬನೂ ನಡೆಯದವನು; ಗೊರಗೊರ ಸದ್ದು ಮಾತ್ರ ಅತ್ತಿಂದಿತ್ತ ಹೋಗುತ್ತಿತ್ತು. ಆ ಸದ್ದಿಗೇ ಭಟ್ಟರು ಮಾತಾಡಿದರು. "ಕೂಸಪ್ಪಾ, ಆವತ್ತು ನಿನ್ನ ಕೈ ನಾನು ಬೇಕಂತ ಬಿಟ್ಟದ್ದಲ್ಲ."

ಸದ್ದು ನಿಂತಿತು. "ನಾನು ಮೂರು ಸಲ ದಿನ ಎಣಿಸಿದೆ ಭಟ್ರೆ," ಅಂದ ಕೂಸಪ್ಪ. "ನಂದೇ ತಪ್ಪಾಯ್ತೇನೋ ಅಂತ ಇವಳನ್ನೂ ಕೂರಿಸಿ ಎಣಿಸಿದೆ. ದಿನ ಸರಿಯಾಗೇ ಉಂಟು. ನಮ್ಮವ್ವನ ಸೂತಕ ಅರ್ಧಕ್ಕೆ ಬಿಟ್ಟು ಬಂದೆ ಅಂತ ಊರಿಡೀ ಮಾತಾಯ್ತು. ಅವ್ವ ಸತ್ತದ್ದಕ್ಕಿಂತ ಅದು ಹೆಚ್ಚು ಹೊಟ್ಟೆ ಉರೀತು ನಂಗೆ."

"ನಂಗೆ ಕಾಣ್ಲಿಲ್ಲ ಮಾರಾಯಾ."

"ಎಂಥ ಕಾಣ್ಲಿಲ್ಲ? ಇಷ್ಟು ದೊಡ್ಡ ಕೈ!"

ಭಟ್ಟರು ಹೇಳಿದರು. ಕಾಗೆ, ಕಾಫಿ, ನರ್ಮದಾಳ ತುಟಿ, ಮೈಸೂರು, ಎರಡು ರಸ್ತೆ, ಎಲ್ಲ ಹಿಂದುಮುಂದಾಗಿ. ಕೂಸಪ್ಪ ಹತ್ತಿರ ಬಂದಿದ್ದ. ಬೆವರಿನ ವಾಸನೆಯಿಂದ ಗೊತ್ತಾಯಿತು. "ನನ್ನ ಮೂಗಿನ ಪಕ್ಕದ ಮಚ್ಚೆ ಕಾಣ್ತದಾ?" "ಕಾಣ್ತದೆ. ಅದರಲ್ಲಿ ಎರಡು ಬಿಳಿ ಕೂದಲೂ ಕಾಣ್ತದೆ." "ಹಾಗಿದ್ರೆ ಕಣ್ಣಿಗೆಂಥ ರೋಗ? ಕತೆ ಕಟ್ಬೇಡಿ." "ಕೈ ಬೀಸಿ ನೋಡು." ಕೂಸಪ್ಪ ಬೀಸಿದನೆಂದು ಕಾಣುತ್ತದೆ. ಭಟ್ಟರು ಬೆರಳಿಟ್ಟು ತೋರಿಸಿದರು: "ಇಲ್ಲೊಂದು ಕೈ. ಅಲ್ಲೊಂದು. ಮೇಲೊಂದು. ಕಿವಿ ಹತ್ರ ಒಂದು. ಯಾವುದೂ ಅಲ್ಲಾಡ್ತಾ ಇಲ್ಲ." "ನಾಲ್ಕು ಕೈಯಾ?" ಅಂದ ಕೂಸಪ್ಪ. "ಹಾಗಿದ್ರೆ ಗರ್ಭಗುಡೀಲಿ ನಾನೇ ಕೂರ್ಬೇಕಿತ್ತಲ್ಲ." ಜಗಲಿಯಲ್ಲಿ ಯಮುನ ನಕ್ಕದ್ದು ಕೇಳಿಸಿತು. ಕೂಸಪ್ಪನ ಮುಖ ನಗುತ್ತಿತ್ತು. ಆಮೇಲೆ ಅಳುತ್ತಿತ್ತು. ಆ ಮುಖದಿಂದ ಈ ಮುಖಕ್ಕೆ ಅವನು ಹೇಗೆ ಬಂದನೆಂಬುದು ಭಟ್ಟರಿಗೆ ಕಾಣಲಿಲ್ಲ.

"ಸರಿ, ನಂಬಿದೆ," ಅಂದ ಅವನು, ತೋಳಿನಿಂದ ಮೂಗೊರೆಸಿಕೊಳ್ಳುವ ಸದ್ದಾಯಿತು. "ಆದ್ರೆ ಒಂದು ಕೇಳ್ತೇನೆ. ಬಿಟ್ಟದ್ದು ಅಷ್ಟು ಜನರ ಎದುರು. ಹೇಳೋದು ನನ್ನ ಕಣದಲ್ಲಾ?"

"ಅಲ್ಲಿ ಹೇಳಿದ್ರೆ ನನ್ನ ಪೂಜೆ ಹೋಗ್ತದೆ ಕೂಸಪ್ಪಾ."

"ಹೋಗ್ತದೋ ಇಲ್ವೋ, ನಂಗೆ ಗೊತ್ತಿಲ್ಲೆ," ಎಂದು ಕೂಸಪ್ಪ ಹಲಗೆ ಎತ್ತಿಕೊಂಡ. ಗೊರಗೊರ ಮತ್ತೆ ಶುರುವಾಯಿತು. ಭಟ್ಟರು ಗೇಟು ದಾಟಿ ರಸ್ತೆಯವರೆಗೆ ಬಂದು, ಎರಡೂ ಕಡೆ ಕಿವಿಗೊಟ್ಟು, ಧೈರ್ಯ ಸಾಲದೆ ನಿಂತರು. ಎಷ್ಟು ಹೊತ್ತು ನಿಂತಿದ್ದರೋ. "ಹೂಂ, ಈಗ ದಾಟಿ," ಎಂದಿತು ಬೆನ್ನ ಹಿಂದಿನಿಂದ ಕೂಸಪ್ಪನ ದನಿ. ದಾಟಿದರು. ಆ ಬದಿಯಿಂದ ತಿರುಗಿ ನೋಡಿದಾಗ ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಮಧ್ಯಾಹ್ನ ಮೂವತ್ತು ನಲವತ್ತು ಜನ ಸೇರಿದ್ದರು. ಮಂಗಳಾರತಿಯಾಯಿತು. ಜಾಗಟೆ ನಿಂತಿತು. ಭಟ್ಟರು ತೀರ್ಥದ ಬಟ್ಟಲು ಹಿಡಿದು ಗರ್ಭಗುಡಿಯಿಂದ ಹೊರಗೆ ಬಂದರು, ಸಾಲು ನೋಡಿದರು. ಕೂಸಪ್ಪ ಇರಲಿಲ್ಲ. ಬರದಿದ್ದರೆ ಒಳ್ಳೆಯದೇ, ಮುಂದಿನ ಸೋಮವಾರ ಹೇಳಿದರಾಯಿತು ಎಂದು ಮನಸ್ಸು ಕೂಡಲೇ ಹಗುರಾಯಿತು, ಹಗುರಾದದ್ದಕ್ಕೆ ತಮ್ಮ ಮೇಲೇ ಹೇಸಿಗೆಯಾಯಿತು. ಥೂ, ಇನ್ನೆಷ್ಟು ದಿನ. ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದರು. ದನಿ ಮಂತ್ರದ ಧಾಟಿಯಲ್ಲೇ ಬಂತು, ಬೇರೆ ದನಿ ಈ ಜಾಗದಲ್ಲಿ ಅವರಿಗೆ ಅಭ್ಯಾಸವಿರಲಿಲ್ಲ. "ಎಲ್ಲರೂ ಕೇಳಿ. ನನಗೆ ಬಂದದ್ದು ಬಿ.ಪಿ. ಅಲ್ಲ. ನನಗೆ ವಸ್ತು ಕಾಣ್ತದೆ, ಅದು ಅಲ್ಲಾಡೋದು ಕಾಣೋದಿಲ್ಲ. ಮೊನ್ನೆ ಕೂಸಪ್ಪ ಕೈ ಚಾಚಿದ್ದು ಕಾಣದೆ ಬಿಟ್ಟೆ. ಅವನ ಸೂತಕದಲ್ಲಿ ಎಂಥದೂ ತಪ್ಪಿಲ್ಲ. ತಪ್ಪು ನಂದು. ಅಂದೇ ಹೇಳ್ಬೇಕಿತ್ತು, ಪೂಜೆ ಹೋಗ್ತದೆ ಅಂತ ಹೆದರಿ ಹೇಳ್ಲಿಲ್ಲ. ಇನ್ನು ಸಮಿತಿಯವರು ಹೇಗೆ ಹೇಳ್ತಾರೋ ಹಾಗೆ."

ಸಮಿತಿಯವರೊಬ್ಬರು ಕೆಮ್ಮಿದರು. ಸಾಲಿನ ಮೊದಲಿಗೆ ಇದ್ದ ವಿಮಲಮ್ಮ, ಎಂಬತ್ತರ ಮುದುಕಿ, "ಅಯ್ಯೋ ಶಿವನೇ," ಅಂದರು, ಆಮೇಲೆ, "ಅದೆಲ್ಲ ಇರ್ಲಿ, ಈಗ ತೀರ್ಥ ಹೇಗೆ ಕೊಡ್ತೀರಿ?" ಅಂದರು. ಅದನ್ನು ಭಟ್ಟರು ಯೋಚಿಸಿಯೇ ಇರಲಿಲ್ಲ. ಬಟ್ಟಲನ್ನು ಪಕ್ಕದ ಪೀಠದ ಮೇಲಿಟ್ಟು, ತಮ್ಮ ಎಡಗೈಯನ್ನು ವಿಮಲಮ್ಮನ ಅಂಗೈಯ ಕೆಳಗೆ ಹಿಡಿದರು. ಮಡಿಯಲ್ಲಿ ಯಾರನ್ನೂ ಮುಟ್ಟಿದವರಲ್ಲ. ಮುದುಕಿಯ ಕೈ ಬೆಚ್ಚಗಿತ್ತು, ಎಲೆಯಷ್ಟು ಹಗುರವಾಗಿತ್ತು. ಯಾರಾದರೂ ಬೇಡ ಅನ್ನಬಹುದೆಂದು ಒಂದು ಗಳಿಗೆ ಕಾದರು. ಯಾರೂ ಅನ್ನಲಿಲ್ಲ. ಉದ್ಧರಣೆ ಬಗ್ಗಿಸಿದರು, ನೀರು ಅಲ್ಲಿಗೇ ಬಿತ್ತು. ಉಳಿದವರು ಒಬ್ಬೊಬ್ಬರಾಗಿ ಪೀಠದ ಹತ್ತಿರ ಬಂದರು, ಹಾಗೇ ಮುಂದಿನ ಕೈ, ಅದರ ಮುಂದಿನದು. ಸೋಪಿನ ವಾಸನೆಯ ಕೈ, ಕಾಫಿ ಕೊಯ್ದು ಅಂಟಂಟಾದ ಕೈ, ಮುಟ್ಟಿಸಿಕೊಳ್ಳಲು ಅಂಜಿ ಹಿಂದೆ ಸರಿದು ಮತ್ತೆ ಬಂದ ಕೈ. ಇಷ್ಟು ವರ್ಷ ಇವರಿಗೆಲ್ಲ ತೀರ್ಥ ಕೊಟ್ಟಿದ್ದೇನೆ, ಒಬ್ಬರ ಕೈಯೂ ನನಗೆ ಗೊತ್ತಿರಲಿಲ್ಲ, ಅನ್ನಿಸಿತು.

ಸಾಲಿನ ಕೊನೆಯಲ್ಲಿ ಕೂಸಪ್ಪ ಇದ್ದ. ಯಾವಾಗ ಬಂದನೋ, ಇರಲಿಲ್ಲ, ಈಗ ಇದ್ದ. ಬೋಳಿಸಿದ ಮೇಲೆ ಚಿಗುರುತ್ತಿದ್ದ ಕೂದಲು ಒದ್ದೆಯಾಗಿತ್ತು, ಮಿಂದು ಬಂದಿದ್ದ. ಕೇಳಿಸಿಕೊಂಡನೋ ಇಲ್ಲವೋ ಅವನ ಮುಖದಿಂದ ತಿಳಿಯುವಂತಿರಲಿಲ್ಲ. ಭಟ್ಟರು ಅವನ ದೊಡ್ಡ ಅಂಗೈಯ ಕೆಳಗೆ ತಮ್ಮದನ್ನು ಇಟ್ಟು ತೀರ್ಥ ಹಾಕಿದರು. ಕೈ ಮೇಲೆದ್ದಿತು. ಬಿಡಬೇಕಿತ್ತು, ಬಿಡಲಿಲ್ಲ, ಅವರ ಕೈಯೂ ಅದರ ಜೊತೆಗೇ ಎದೆ ದಾಟಿ, ಗದ್ದ ದಾಟಿ, ತುಟಿಯವರೆಗೆ ಹೋಯಿತು, ಅವನು ಹೀರಿಕೊಂಡದ್ದು, ನುಂಗಿದ್ದು, ಒದ್ದೆ ಅಂಗೈ ನೆತ್ತಿಗೆ ಏರಿದ್ದು, ಯಾವುದೂ ಎಲ್ಲೂ ತುಂಡಾಗದೆ ಪೂರ್ತಿಯಾಗಿ ತಿಳಿಯಿತು. ಭಟ್ಟರ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಕೂಸಪ್ಪ ಕೈಯನ್ನು ಮತ್ತೆ ಕೆಳಗೆ ತಂದು, ಅವರ ಅಂಗೈಯ ಮೇಲೆಯೇ ಚಾಚಿ ಹಿಡಿದ.

"ಇನ್ನೊಂದು ಹಾಕಿ ಭಟ್ರೆ," ಅಂದ. "ಆವತ್ತಿಂದು."